ಸಂತೆಯ ಚೌಕದಲ್ಲಿ ಡಾಕ್ಟರ್ ಜಾನ್ಸನ್

ಊರಿನ ಚೌಕದಲ್ಲಿ ನಿಲ್ಲಿಸಿರುವ ಪ್ರತಿಮೆಯನ್ನು ದಿನವೂ ನೋಡುತ್ತೇವೆಂದು ನಾವು ಹೇಳಿಕೊಳ್ಳುವುದುಂಟು. ನಿಜವಾಗಿ ಅದರ ಮಗ್ಗುಲಲ್ಲಿ ಹಾದುಹೋಗುತ್ತೇವೆ, ಅಷ್ಟೆ. ಅರಸನಾದರೆ ಕುದುರೆಯ ಮೇಲೆ ಕುಳಿತಿರುತ್ತಾನೆ. ಸೇನಾಪತಿಯಾದರೆ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟಿರುತ್ತಾನೆ. ಗ್ರಂಥಕರ್ತನಾದರೆ ಕೈಯಲ್ಲೊಂದು ಪುಸ್ತಕವಿರುತ್ತದೆ. ಪೀಠದಲ್ಲಿ ಹೆಸರು, ಹುಟ್ಟಿದ ವರ್ಷ, ಕಾಲವಾದ ವರ್ಷ, ಒಂದೆರಡು ಬಿರುದುಗಳು. ಮನುಷ್ಯನು ಗೆದ್ದುದನ್ನು ಕಲ್ಲಿನಲ್ಲಿ ಕಡೆಯುವುದು ಲೋಕದ ವಾಡಿಕೆ. ಅವನು ತಪ್ಪಿದುದನ್ನು, ತಪ್ಪಿ ನಾಚಿದುದನ್ನು, ನಾಚಿ ಸಂಕಟಪಟ್ಟುದನ್ನು ಯಾರೂ ಕಡೆಯಿಸುವುದಿಲ್ಲ. ಈ ವಾಡಿಕೆಗೆ ಹೊರತಾದ ಒಂದು ಪ್ರತಿಮೆಯು ಇಂಗ್ಲೆಂಡಿನ ಒಂದು ಸಂತೆಯ ಊರಿನಲ್ಲಿದೆ. ಅದರ ಕಥೆಯನ್ನು ಶ್ರೋತೃಗಳ ಮುಂದೆ ಇಡಬೇಕೆಂಬುದೇ ಈ ಭಾಷಣದ ಉದ್ದೇಶ.

ಆ ಊರಿನ ಹೆಸರು ಲಿಚ್‌ಫೀಲ್ಡ್. ಅದು ಇಂಗ್ಲೆಂಡಿನ ನಡುನಾಡಾದ ಸ್ಟಾಫರ್ಡ್‌ಷೈರ್ ಸೀಮೆಯಲ್ಲಿದೆ. ಮೂರು ಶಿಖರಗಳುಳ್ಳ ಪುರಾತನವಾದ ದೊಡ್ಡ ದೇವಾಲಯವೊಂದು ಅಲ್ಲಿರುವುದರಿಂದ ಅದಕ್ಕೆ ನಗರವೆಂಬ ಪದವಿ ಉಂಟು; ಆದರೆ ಗಾತ್ರದಿಂದಲೂ ಜೀವನಕ್ರಮದಿಂದಲೂ ಅದು ಬಹುಕಾಲ ಸಂತೆಯ ಊರೇ ಆಗಿತ್ತು. ಅಲ್ಲಿ ಸಂತೆ ನೆರೆಯುವುದಕ್ಕೆ ಸ್ಟೀಫನ್ ದೊರೆಯು 1153ರಲ್ಲಿ ಸನ್ನದು ಕೊಟ್ಟನು. ಅಂದಿನಿಂದ ಆ ಚೌಕವು ಊರಿನ ಹೃದಯವಾಯಿತು. ಕಾಳು ಬೆಣ್ಣೆ ಕೋಳಿಗಳನ್ನು ಮಾರಿದ ಸ್ಥಳವೂ ಅದೇ, ಮನುಷ್ಯನನ್ನು ಸುಟ್ಟ ಸ್ಥಳವೂ ಅದೇ: ಮತದ್ರೋಹದ ಆಪಾದನೆಯ ಮೇಲೆ ಇಂಗ್ಲೆಂಡಿನಲ್ಲಿ ಬೆಂಕಿಗೆ ಆಹುತಿಯಾದ ಕೊನೆಯ ಮನುಷ್ಯನಾದ ಎಡ್ವರ್ಡ್ ವೈಟ್‌ಮನ್ ಎಂಬವನು 1612ರಲ್ಲಿ ಸತ್ತುದು ಈ ಚೌಕದಲ್ಲಿಯೇ. ಇಂತಹ ಸ್ಥಳದಲ್ಲಿ 1838ರಲ್ಲಿ ಊರಿನವನೇ ಆದ ಒಬ್ಬ ಸಾಹಿತಿಯ ಕಲ್ಲಿನ ಪ್ರತಿಮೆಯನ್ನು ನಿಲ್ಲಿಸಿದರು. ಆ ಸಾಹಿತಿಯೇ ಸ್ಯಾಮ್ಯುಯಲ್ ಜಾನ್ಸನ್. ಅವನು ತೀರಿಕೊಂಡು ಆಗ ಐವತ್ತನಾಲ್ಕು ವರ್ಷಗಳಾಗಿದ್ದುವು.

ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಡಾಕ್ಟರ್ ಜಾನ್ಸನ್ನನ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಆರು ಮಂದಿ ಬರೆಹಗಾರರ ಸಹಾಯವೊಂದನ್ನೇ ಇಟ್ಟುಕೊಂಡು, ನಲವತ್ತೆರಡು ಸಾವಿರಕ್ಕೂ ಹೆಚ್ಚು ಶಬ್ದಗಳ ಇಂಗ್ಲಿಷ್ ನಿಘಂಟನ್ನು 1755ರಲ್ಲಿ ಹೊರತಂದವನು ಅವನು. ಷೇಕ್ಸ್‌ಪಿಯರನ ನಾಟಕಗಳನ್ನು ಪರಿಷ್ಕರಿಸಿದವನೂ ಕವಿಗಳ ಚರಿತ್ರೆಗಳನ್ನು ಬರೆದವನೂ ಅವನೇ. ಇವೆಲ್ಲಕ್ಕಿಂತ ಹೆಚ್ಚಾಗಿ, ಬಾಸ್‌ವೆಲ್ ಎಂಬ ಸ್ಕಾಟ್ಲೆಂಡಿನ ಸ್ನೇಹಿತನು 1791ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯ ಬಲದಿಂದ, ಅವನ ಮಾತು, ನಗೆ, ಸಿಟ್ಟು, ಊಟ, ಪ್ರಾರ್ಥನೆ ಎಲ್ಲವೂ ಲೋಕಕ್ಕೆ ತಿಳಿದುಹೋಗಿವೆ. ಇಂತಹ ಪ್ರಸಿದ್ಧಪುರುಷನಿಗೆ ಪ್ರತಿಮೆ ಏಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿ ಅವನದೊಂದು ಪ್ರತಿಮೆ 1796ರಲ್ಲಿಯೇ ಎದ್ದಿತ್ತು. ಅದನ್ನು ಕಡೆದವನು ಜಾನ್ ಬೇಕನ್. ಅಂದಿನ ಪಂಡಿತರ ಅಭಿರುಚಿಗೆ ಅನುಸಾರವಾಗಿ ಆ ಶಿಲ್ಪಿಯು ಜಾನ್ಸನ್ನನಿಗೆ ರೋಮನರ ಉತ್ತರೀಯವನ್ನು ಹೊದಿಸಿ, ತೋಳುಗಳನ್ನು ಬರಿದುಮಾಡಿ, ಪ್ರಾಚೀನಕಾಲದ ಋಷಿಯೊಬ್ಬನಂತೆ ನಿಲ್ಲಿಸಿದನು. ಕೆಳಗಿನ ಬರೆಹವೂ ಲ್ಯಾಟಿನ್ ಭಾಷೆಯಲ್ಲಿದೆ. ಅದು ಭವ್ಯವಾದ ಶಿಲ್ಪವೇ ಸರಿ. ಆದರೆ ಕೊಳೆಯಾದ ಕೃತಕಕೇಶವನ್ನು ಧರಿಸಿ, ಚಹದ ಬಟ್ಟಲುಗಳನ್ನು ಒಂದರ ಮೇಲೊಂದು ಬರಿದುಮಾಡುತ್ತಿದ್ದ ಆ ಸ್ಥೂಲಕಾಯದ ಮನುಷ್ಯನನ್ನು ಬಲ್ಲವರು ಅಲ್ಲಿ ಅವನನ್ನು ಗುರುತಿಸುವುದು ಕಷ್ಟ.

ಲಿಚ್‌ಫೀಲ್ಡಿನವರು ಆ ದಾರಿಯನ್ನು ಹಿಡಿಯಲಿಲ್ಲ. ಅಲ್ಲಿಯ ಧರ್ಮಪೀಠದಲ್ಲಿ ಚಾನ್ಸೆಲರ್ ಎಂಬ ಅಧಿಕಾರವನ್ನು ವಹಿಸಿದ್ದ ಜೇಮ್ಸ್ ಥಾಮಸ್ ಲಾ ಎಂಬ ಮಹನೀಯನು ತನ್ನ ವೆಚ್ಚದಿಂದ ಪ್ರತಿಮೆಯನ್ನು ಮಾಡಿಸಿ ಊರಿಗೆ ದಾನಮಾಡಿದನು. ಶಿಲ್ಪಿಯು ರಿಚರ್ಡ್ ಕಾಕಲ್ ಲೂಕಸ್. ಇವನು ಜಾನ್ಸನ್ನನಿಗೆ ತನ್ನ ಕಾಲದ ಉಡುಪನ್ನೇ ತೊಡಿಸಿ, ಅವನನ್ನು ಕುರ್ಚಿಯ ಮೇಲೆ ಕೂಡಿಸಿದ್ದಾನೆ. ಕುರ್ಚಿಯ ಕೆಳಗೆ ದಪ್ಪ ದಪ್ಪ ಗ್ರಂಥಗಳ ರಾಶಿ. ತಲೆ ಸ್ವಲ್ಪ ಬಾಗಿ, ಮನಸ್ಸು ಎಲ್ಲಿಯೋ ಹೋದಂತೆ ಕುಳಿತಿದ್ದಾನೆ. ಎದುರಿಗೆ, ಚೌಕದ ಮೂಲೆಯಲ್ಲಿ, ಅವನು ಹುಟ್ಟಿದ ಮನೆ. ಪ್ರತಿಮೆಯಷ್ಟೇ ಆಗಿದ್ದರೆ ನಾವೂ ಮಿಕ್ಕವರಂತೆ ಹಾದುಹೋಗಬಹುದಾಗಿತ್ತು. ಆದರೆ ಪೀಠದ ಮೂರು ಮುಖಗಳಲ್ಲಿ ಮೂರು ಉಬ್ಬುಚಿತ್ರಗಳಿವೆ. ನಿಘಂಟನ್ನು ಬರೆದುದು, ಅರಸನೊಡನೆ ಸಂಭಾಷಿಸಿದುದು, ವಿದ್ವತ್ಸಭೆಗಳಲ್ಲಿ ಮೆರೆದುದು, ಈ ಯಾವುದೂ ಅವುಗಳಲ್ಲಿಲ್ಲ. ಎರಡು ಚಿತ್ರಗಳು ಬಾಲ್ಯದವು, ಮೂರನೆಯದು ಮುಪ್ಪಿನದು.

ಮೊದಲನೆಯ ಚಿತ್ರವನ್ನು ನೋಡೋಣ. ಜನಸಂದಣಿಯ ನಡುವೆ ತಂದೆಯ ಹೆಗಲ ಮೇಲೆ ಕುಳಿತ ಒಂದು ಮಗು. ಉಪದೇಶಪೀಠದ ಮೇಲೆ ನಿಂತಿರುವವನು ಸ್ಯಾಚೆವರೆಲ್ ಎಂಬ ಧರ್ಮಬೋಧಕನು. ಇನ್ನೂ ಮೂರು ವರ್ಷ ತುಂಬದಿದ್ದ ಸ್ಯಾಮ್ಯುಯಲನು ಈ ಬೋಧಕನ ಮಾತನ್ನು ಕೇಳಲೇಬೇಕೆಂದು ಹಟಮಾಡಿದನೆಂದೂ, ತಂದೆಯು ಅವನನ್ನು ಹೊತ್ತುಕೊಂಡು ದೇವಾಲಯಕ್ಕೆ ಹೋದನೆಂದೂ ಬಾಸ್‌ವೆಲ್ ಬರೆದಿದ್ದಾನೆ. ಚರಿತ್ರೆಯ ದೃಷ್ಟಿಯಿಂದ ಈ ಕಥೆಯು ನಿಲ್ಲತಕ್ಕುದಲ್ಲ. ಸ್ಯಾಚೆವರೆಲ್‌ನ ಮೇಲೆ ಪಾರ್ಲಿಮೆಂಟಿನಲ್ಲಿ ವಿಚಾರಣೆ ನಡೆದು, 1710ರ ಮಾರ್ಚ್ ತಿಂಗಳಿಂದ ಮೂರು ವರ್ಷಗಳ ಕಾಲ ಅವನು ಉಪದೇಶಮಾಡಕೂಡದೆಂದು ನಿಷೇಧವಾಗಿತ್ತು. ಜಾನ್ಸನ್ ಹುಟ್ಟಿದುದು 1709ರ ಸೆಪ್ಟೆಂಬರ್ 18ರಲ್ಲಿ. ಮಗುವಿಗೆ ಮೂರು ವರ್ಷ ತುಂಬುವ ಮೊದಲು, ನಿಷೇಧದ ಕಾಲದಲ್ಲಿ, ಆ ಉಪದೇಶವು ನಡೆದಿರಲಾರದು. ಕಥೆ ಸುಳ್ಳಾದರೂ ಅದರೊಳಗಿನ ಒಂದು ಅಂಶ ಸುಳ್ಳಲ್ಲ: ಆ ತಂದೆಗೆ ಆ ಮಗನ ಮೇಲೆ ಅಪಾರವಾದ ಮಮತೆಯಿತ್ತು. ಮೈಕೇಲ್ ಜಾನ್ಸನ್ನನಿಗೆ ಈ ಮಗನು ಹುಟ್ಟಿದಾಗ ಐವತ್ತೆರಡು ವರ್ಷ ನಡೆದಿತ್ತು. ಹುಟ್ಟಿದ ಕೂಸು ಅಳುವುದಕ್ಕೂ ಶಕ್ತಿಯಿಲ್ಲದಷ್ಟು ದುರ್ಬಲವಾಗಿತ್ತು. ಕೆಲವು ಕಾಲದ ಮೇಲೆ ಕೊರಳಿಗೆ ಗಂಡಮಾಲೆಯ ರೋಗ ಅಂಟಿತು. ಕಣ್ಣು ಕಿವಿಗಳು ಕೆಟ್ಟುವು. ಅರಸರ ಸ್ಪರ್ಶದಿಂದ ಆ ರೋಗವು ಗುಣವಾಗುವುದೆಂಬ ನಂಬಿಕೆಯಿದ್ದುದರಿಂದ 1712ರಲ್ಲಿ ತಾಯಿಯು ಮಗುವನ್ನು ಲಂಡನ್ನಿಗೆ ಕರೆದುಕೊಂಡು ಹೋಗಿ ಆನ್ ರಾಣಿಯ ಕೈಯಿಂದ ಮುಟ್ಟಿಸಿದಳು. ರೋಗವು ಗುಣವಾಗಲಿಲ್ಲ. ರಾಣಿ ಕೊಟ್ಟ ಚಿನ್ನದ ಬಿಲ್ಲೆಯನ್ನು ಮಾತ್ರ ಅವನು ಸಾಯುವವರೆಗೂ ಕೊರಳಲ್ಲಿ ಧರಿಸಿದ್ದನು.

ಎರಡನೆಯ ಚಿತ್ರದಲ್ಲಿ ಸ್ಯಾಮ್ಯುಯಲನು ಪಾಠಶಾಲೆಯ ಹುಡುಗ. ಒಬ್ಬ ಸಹಪಾಠಿಯು ಬೆನ್ನು ಬಾಗಿಸಿ ಅವನನ್ನು ಹೊತ್ತಿದ್ದಾನೆ. ಮಗ್ಗುಲಿನವರು ಆಸರೆ ಕೊಟ್ಟಿದ್ದಾರೆ. ಇದಕ್ಕೆ ಬಾಸ್‌ವೆಲ್‌ನ ಆಧಾರ ಗಟ್ಟಿಯಾಗಿದೆ. ಹೊತ್ತವರಲ್ಲಿ ಒಬ್ಬನಾದ ಹೆಕ್ಟರ್ ಎಂಬವನು ಜಾನ್ಸನ್ನನಿಗೆ ಆಜೀವಸ್ನೇಹಿತನಾಗಿದ್ದನು. ಪಾಠದಲ್ಲಿ ಅವನ ನೆರವನ್ನು ಬಯಸುತ್ತಿದ್ದ ಹುಡುಗರು ಬೆಳಗ್ಗೆ ಅವನ ಮನೆಗೆ ಬಂದು ಅವನನ್ನು ಹೀಗೆ ಮೆರವಣಿಗೆಯಲ್ಲಿ ಪಾಠಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದರಂತೆ. ಬುದ್ಧಿಗೆ ಲೋಕವು ತಲೆಬಾಗುತ್ತದೆಯೆಂಬ ಪಾಠವನ್ನು ಆ ಬಾಲಕನು ಎಳೆಯದರಲ್ಲಿಯೇ ಕಲಿತನು. ಈ ಪಾಠದಿಂದ ಮನುಷ್ಯನಿಗೆ ಒಳ್ಳೆಯದೂ ಆಗುವುದುಂಟು, ಕೆಟ್ಟದೂ ಆಗುವುದುಂಟು.

ಇನ್ನು ಮೂರನೆಯ ಚಿತ್ರ. ಇದನ್ನು ಅರ್ಥಮಾಡಿಕೊಳ್ಳಬೇಕಾದರೆ ಚೌಕದಿಂದ ಸ್ವಲ್ಪ ಹೊತ್ತು ಆ ಮೂಲೆಯ ಮನೆಯೊಳಕ್ಕೆ ಹೋಗಬೇಕು. ಮೈಕೇಲ್ ಜಾನ್ಸನ್ ಪುಸ್ತಕ ಮಾರುವವನು. ಮಗನು ಹುಟ್ಟಿದ ವರ್ಷದಲ್ಲಿ ಅವನು ಲಿಚ್‌ಫೀಲ್ಡಿನ ಷೆರಿಫ್ ಪದವಿಯಲ್ಲಿದ್ದ ಗೌರವಸ್ಥ. ಅದಕ್ಕೆ ಸ್ವಲ್ಪ ಮುಂಚೆ ಚೌಕದ ಮೂಲೆಯಲ್ಲಿ ಆ ಎತ್ತರವಾದ ಮನೆಯನ್ನು ಕಟ್ಟಿಸಿದ್ದನು. ಆದರೆ ಆ ಕಾಲದಲ್ಲಿ ಸಣ್ಣ ಊರಿನ ಪುಸ್ತಕದಂಗಡಿಯಿಂದ ಸಂಸಾರ ಸಾಗುವುದು ಸುಲಭವಾಗಿರಲಿಲ್ಲ. ಓದುವವರು ವಿರಳ; ಅವರು ಇದ್ದೆಡೆಗೆ ಪುಸ್ತಕವೇ ಹೋಗಬೇಕಾಗಿತ್ತು. ಆದುದರಿಂದ ಅವನು ಸುತ್ತಮುತ್ತಣ ಊರುಗಳ ಸಂತೆಗಳಿಗೆ ಪುಸ್ತಕಗಳನ್ನು ಸಾಗಿಸಿಕೊಂಡು ಹೋಗಿ ಮಳಿಗೆ ಹಾಕುತ್ತಿದ್ದನು. ಹಾಗೆ ಹೋಗುತ್ತಿದ್ದ ಊರುಗಳಲ್ಲಿ ಲಿಚ್‌ಫೀಲ್ಡಿಗೆ ಉತ್ತರದಲ್ಲಿ ಹದಿನೇಳು ಹದಿನೆಂಟು ಮೈಲಿ ದೂರದಲ್ಲಿರುವ ಯುಟಾಕ್ಸಿಟರ್ ಒಂದು. ಬೆಣ್ಣೆ, ಗಿಣ್ಣು, ದನಕರುಗಳ ನಡುವೆ ಒಂದು ಹಲಗೆಯ ಮೇಲೆ ಧರ್ಮಗ್ರಂಥಗಳನ್ನೂ ಲ್ಯಾಟಿನ್ ವ್ಯಾಕರಣಗಳನ್ನೂ ಹರಡಿಕೊಂಡು ಆ ಮುದುಕನು ನಿಲ್ಲುತ್ತಿದ್ದನು. ಪುಸ್ತಕವ್ಯಾಪಾರಕ್ಕೆ ಜೊತೆಯಾಗಿ ಚರ್ಮವನ್ನು ಹದಮಾಡಿ ಬರೆಯುವ ತೊಗಲನ್ನು ತಯಾರಿಸುವ ಕೆಲಸವನ್ನೂ ಅವನು ಕೈಗೊಂಡಿದ್ದನು. ಅದರಲ್ಲಿ ನಷ್ಟವಾಯಿತು, ಸಾಲ ಬೆಳೆಯಿತು. ಮಗನು ಬೆಳೆದು ದೊಡ್ಡವನಾಗುವ ವೇಳೆಗೆ ತಂದೆಯು ಬಡವನಾಗಿದ್ದನು.

1728ರ ಅಕ್ಟೋಬರಿನಲ್ಲಿ ಸ್ಯಾಮ್ಯುಯಲನು ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜನ್ನು ಸೇರಿದನು. ಅವನ ಪಾಂಡಿತ್ಯವನ್ನು ಕಂಡು ಗುರುಗಳೇ ಬೆರಗಾದರು. ಆದರೆ ಹಣವಿಲ್ಲ. ಅವನ ಪಾದರಕ್ಷೆಗಳು ಹರಿದು ಬೆರಳುಗಳು ಕಾಣುತ್ತಿದ್ದುವು. ಯಾರೋ ಕನಿಕರಪಟ್ಟು ಹೊಸ ಜೋಡನ್ನು ಅವನ ಕೊಠಡಿಯ ಬಾಗಿಲಲ್ಲಿ ಇಟ್ಟುಹೋದರು. ಅವನು ಸಿಟ್ಟಿನಿಂದ ಅದನ್ನು ಎತ್ತಿ ಎಸೆದನು. ಈ ಕಥೆಯನ್ನು ಓದಿದವರೆಲ್ಲರೂ ಅವನ ಸ್ವಾಭಿಮಾನವನ್ನು ಕೊಂಡಾಡುತ್ತಾರೆ, ನಾವೂ ಕೊಂಡಾಡುತ್ತೇವೆ. ಹದಿಮೂರು ತಿಂಗಳಲ್ಲಿ ಹಣ ಪೂರ್ತಿಯಾಗಿ ಮುಗಿದು, ಪದವಿಯನ್ನು ಪಡೆಯದೆಯೇ ಅವನು 1729ರ ಡಿಸೆಂಬರಿನಲ್ಲಿ ಊರಿಗೆ ಹಿಂದಿರುಗಿದನು. ಮುಂದೆ ದಾರಿ ಕಾಣದು. ಘೋರವಾದ ವಿಷಾದವು ಅವನ ಮನಸ್ಸನ್ನು ಮುತ್ತಿತು. ಬುದ್ಧಿಭ್ರಮಣೆಯಾದೀತೆಂದು ಅವನೇ ಹೆದರಿದನು. ಅದನ್ನು ಮೈದಣಿವಿನಿಂದ ಓಡಿಸಬೇಕೆಂದು ಬರ್ಮಿಂಗ್‌ಹ್ಯಾಮಿನವರೆಗೆ ನಡೆದುಹೋಗಿ ನಡೆದೇ ಬರುತ್ತಿದ್ದನಂತೆ. ಹೋಗಿ ಬರುವುದಕ್ಕೆ ಮೂವತ್ತೆರಡು ಮೈಲಿ.

ಇಂತಹ ದಿನಗಳಲ್ಲಿ ಒಂದು ದಿನ ತಂದೆಯು ಮಗನನ್ನು ಕರೆದು, ಯುಟಾಕ್ಸಿಟರಿನ ಸಂತೆಗೆ ಮಳಿಗೆಯನ್ನು ನೋಡಿಕೊಳ್ಳುವುದಕ್ಕಾಗಿ ಬರಬೇಕೆಂದು ಕೇಳಿದನು. ಮಗನು ಒಲ್ಲೆನೆಂದನು. ಬರ್ಮಿಂಗ್‌ಹ್ಯಾಮಿಗೆ ನಿಷ್ಕಾರಣವಾಗಿ ನಡೆಯಬಲ್ಲ ಕಾಲುಗಳಿಗೆ ಯುಟಾಕ್ಸಿಟರಿನ ದಾರಿ ದೊಡ್ಡದಾಗಿರಲಿಲ್ಲ. ದೊಡ್ಡದಾಗಿದ್ದುದು ಮಧ್ಯೆ ನಿಂತ ಗರ್ವ. ಆಕ್ಸ್‌ಫರ್ಡಿನಲ್ಲಿ ಲ್ಯಾಟಿನ್ ಕವಿತೆಯನ್ನು ಬರೆದು ಹೊಗಳಿಕೆ ಪಡೆದವನು ಕೋಳಿ ಮಾರುವವರ ಪಕ್ಕದಲ್ಲಿ ಹಲಗೆಯ ಹಿಂದೆ ನಿಲ್ಲುವುದೆ? ಮೈಕೇಲ್ ಜಾನ್ಸನ್ ಮಗನನ್ನು ಬಿಟ್ಟು ಹೋದನು. 1731ರ ಡಿಸೆಂಬರಿನಲ್ಲಿ ಅವನು ಕಾಲವಾದನು. ಅವನ ಆಸ್ತಿಯಿಂದ ಮಗನ ಪಾಲಿಗೆ ಬಂದುದು ಇಪ್ಪತ್ತು ಪೌಂಡು ಮಾತ್ರ. ಒಲ್ಲೆನೆಂಬ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಅವಕಾಶವೇ ಉಳಿಯಲಿಲ್ಲ.

ಮುಂದಿನ ಕಥೆ ಸರ್ವವಿದಿತ. 1737ರಲ್ಲಿ ತನ್ನ ಶಿಷ್ಯನಾದ ಡೇವಿಡ್ ಗ್ಯಾರಿಕ್‌ನೊಡನೆ ಅವನು ಲಂಡನ್ನಿಗೆ ಹೊರಟನು. ಶಿಷ್ಯನು ನಾಟಕರಂಗದ ಚಕ್ರವರ್ತಿಯಾದನು. ಗುರುವು ಬಹುಕಾಲ ಹಸಿದು, ಕೂಲಿಗೆ ಬರೆದು, ಕೊನೆಗೆ ನಿಘಂಟಿನ ಮಹಾಕಾರ್ಯವನ್ನು ಮುಗಿಸಿದನು. ಕಷ್ಟಕಾಲದಲ್ಲಿ ತಿರುಗಿಯೂ ನೋಡದಿದ್ದ ಚೆಸ್ಟರ್‌ಫೀಲ್ಡ್ ಪ್ರಭುವು, ನಿಘಂಟು ಮುಗಿಯುವ ಸಮಯದಲ್ಲಿ ಆಶ್ರಯದಾತನೆಂಬ ಹೆಸರನ್ನು ಪಡೆಯಲು ಬಂದಾಗ, ಜಾನ್ಸನ್ 1755ರ ಫೆಬ್ರವರಿಯಲ್ಲಿ ಬರೆದ ತಿರಸ್ಕಾರದ ಪತ್ರವು ಸಾಹಿತಿಗಳ ಸ್ವಾತಂತ್ರ್ಯದ ಶಾಸನವೆಂದು ಪ್ರಸಿದ್ಧವಾಗಿದೆ. ಇಲ್ಲಿ ಒಂದು ವಿಷಯವನ್ನು ನಾವು ಗಮನಿಸಬೇಕು. ಬಾಗಿಲಲ್ಲಿದ್ದ ಜೋಡನ್ನು ಎಸೆದ ಗರ್ವವೂ, ಪ್ರಭುವಿನ ಆಶ್ರಯವನ್ನು ನೂಕಿದ ಗರ್ವವೂ, ತಂದೆಯ ಮಳಿಗೆಗೆ ಬರಲೊಲ್ಲದ ಗರ್ವವೂ ಬೇರೆ ಬೇರೆಯಲ್ಲ. ಒಂದೇ ಲೋಹ, ಒಂದೆಡೆ ಅದು ಕವಚವಾಯಿತು, ಇನ್ನೊಂದೆಡೆ ಕತ್ತಿಯಾಯಿತು. ಲೋಕವು ಕವಚವನ್ನು ಕಂಡಿತು. ಕತ್ತಿ ಯಾರಿಗೆ ತಾಗಿತ್ತೆಂಬುದು ಅವನೊಬ್ಬನಿಗೆ ಗೊತ್ತಿತ್ತು.

ತಾಯಿಯ ವಿಷಯದಲ್ಲಿಯೂ ಅವನ ಮನಸ್ಸು ನಿರಾಳವಾಗಿರಲಿಲ್ಲ. 1740ರಲ್ಲಿ ಲಿಚ್‌ಫೀಲ್ಡನ್ನು ಬಿಟ್ಟವನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಊರಿಗೆ ಹೋಗಲಿಲ್ಲ. 1759ರ ಜನವರಿಯಲ್ಲಿ ತಾಯಿಯು ತೀರಿಕೊಂಡಾಗ ಅವನು ಹತ್ತಿರವಿರಲಿಲ್ಲ. ಅವಳ ಅಂತ್ಯಸಂಸ್ಕಾರದ ವೆಚ್ಚಕ್ಕೂ ಅವಳು ಬಿಟ್ಟುಹೋದ ಸಣ್ಣ ಸಾಲಗಳಿಗೂ ಹಣ ಬೇಕಾಗಿ, ಒಂದು ವಾರದ ಸಂಜೆಗಳಲ್ಲಿ ‘ರಾಸೆಲಸ್’ ಎಂಬ ಕಥೆಯನ್ನು ಬರೆದು ಮುಗಿಸಿದನು. ನಿಘಂಟಿನಲ್ಲಿ ತನ್ನ ಊರಿನ ಹೆಸರು ಬರುವ ಸ್ಥಳದಲ್ಲಿ ಅದನ್ನು ಮಹಾಮಾತೆಯೆಂದು ಲ್ಯಾಟಿನಿನಲ್ಲಿ ವಂದಿಸಿದವನೂ ಅವನೇ. ಊರಿಗೆ ವಂದನೆಯನ್ನು ಕಳುಹಿಸುವುದು ಸುಲಭ. ಊರಿಗೆ ಹೋಗುವುದೇ ಕಷ್ಟ.

ನಮ್ಮ ಶಾಸ್ತ್ರಕಾರರು ಮನುಷ್ಯನು ಹುಟ್ಟುವಾಗಲೇ ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ಹೇಳಿ, ದೇವಋಣ, ಋಷಿಋಣ, ಪಿತೃಋಣವೆಂದು ಅವುಗಳನ್ನು ಮೂರಾಗಿ ಎಣಿಸಿದರು. ಜಾನ್ಸನ್ನನಿಗೆ ಈ ಲೆಕ್ಕವು ತಿಳಿದಿರಲಿಲ್ಲ. ಆದರೆ ಲೆಕ್ಕದ ಭಾರವು ತಿಳಿದಿತ್ತು. ದೇವರ ಋಣವನ್ನು ದಿನದಿನದ ಪ್ರಾರ್ಥನೆಯಿಂದ ತೀರಿಸಲು ಯತ್ನಿಸಿದನು. ಋಷಿಗಳ ಋಣವನ್ನು ತನ್ನ ಗ್ರಂಥಗಳಿಂದ ಬಡ್ಡಿಸಹಿತವಾಗಿ ಸಲ್ಲಿಸಿದನು. ಪಿತೃಋಣವೊಂದು ಬಾಕಿ ಉಳಿಯಿತು. ಅರಸನು 1762ರಲ್ಲಿ ವರ್ಷಕ್ಕೆ ಮುನ್ನೂರು ಪೌಂಡುಗಳ ವೇತನವನ್ನು ಗೊತ್ತುಮಾಡಿದ ಮೇಲೆ ಹಣದ ಕೊರತೆ ಇರಲಿಲ್ಲ. ಆದರೆ ಈ ಬಾಕಿಯು ಹಣದಿಂದ ತೀರತಕ್ಕುದಾಗಿರಲಿಲ್ಲ.

ಅವನಿಗೆ ಎಪ್ಪತ್ತು ದಾಟಿದ ಮೇಲೆ ನಡೆದುದನ್ನು ನಾವು ಅವನ ಬಾಯಿಂದಲೇ ತಿಳಿದಿದ್ದೇವೆ. 1784ರಲ್ಲಿ ಕೊನೆಯ ಬಾರಿ ಲಿಚ್‌ಫೀಲ್ಡಿಗೆ ಹೋಗಿದ್ದಾಗ ಹೆನ್ರಿ ವೈಟ್ ಎಂಬ ಎಳೆಯ ಪಾದ್ರಿಯೊಡನೆ ಮಾತನಾಡುತ್ತ ಅವನು ಇದನ್ನು ಹೊರಗೆಡವಿದನು. ತಾನು ಒಮ್ಮೆ ತಂದೆಗೆ ಅವಿಧೇಯನಾದೆನೆಂದೂ, ಅದಕ್ಕೆ ಗರ್ವವೇ ಕಾರಣವೆಂದೂ, ಆ ನೆನಪು ತನ್ನನ್ನು ನೋಯಿಸುತ್ತಿತ್ತೆಂದೂ ಹೇಳಿದನು. ಕೆಲವು ವರ್ಷಗಳ ಹಿಂದೆ ಬಹಳ ಕೆಟ್ಟ ಹವೆಯಲ್ಲಿ ಯುಟಾಕ್ಸಿಟರಿಗೆ ಹೋಗಿ, ತಂದೆಯ ಮಳಿಗೆ ಇರುತ್ತಿದ್ದ ಸ್ಥಳದಲ್ಲಿಯೇ ಬರಿದಲೆಯಲ್ಲಿ ಮಳೆಯೊಳಗೆ ಬಹಳ ಹೊತ್ತು ನಿಂತಿದ್ದುದಾಗಿ ತಿಳಿಸಿದನು. ಆ ಪಶ್ಚಾತ್ತಾಪವು ಸಂದಿರಬಹುದೆಂದು ಅವನು ಆಶಿಸಿದನೇ ಹೊರತು, ಸಂದಿತೆಂದು ಹೇಳಲಿಲ್ಲ.

ಬಾಸ್‌ವೆಲ್ ಬರೆದುದು ಇಷ್ಟೇ. 1802ರಲ್ಲಿ ವಾರ್ನರ್ ಎಂಬ ಪ್ರವಾಸಿಯು ತನ್ನ ಗ್ರಂಥದಲ್ಲಿ ಇದೇ ಸಂಗತಿಯನ್ನು ವಿಸ್ತರಿಸಿ ಹೇಳಿದ್ದಾನೆ. ಅವನ ಪ್ರಕಾರ ಜಾನ್ಸನ್ ಲಿಚ್‌ಫೀಲ್ಡಿನ ಸ್ನೇಹಿತರ ಮನೆಯಿಂದ ಬೆಳಗ್ಗೆ ಯಾರಿಗೂ ಹೇಳದೆ ಮಾಯವಾಗಿ ರಾತ್ರಿಯ ಊಟದ ಹೊತ್ತಿಗೆ ಹಿಂದಿರುಗಿದನು. ಅವಿಧೇಯತೆ ನಡೆದು ಅಂದಿಗೆ ಸರಿಯಾಗಿ ಐವತ್ತು ವರ್ಷಗಳಾಗಿದ್ದುವು. ಸಂತೆಯ ಜನರ ಹಾಸ್ಯದ ನಡುವೆ ಅವನು ಒಂದು ಗಂಟೆಯ ಕಾಲ ನಿಂತಿದ್ದನು. ಈ ವಿವರಗಳು ಹೃದಯಂಗಮವಾಗಿವೆ. ಹೃದಯಂಗಮವಾಗಿರುವುದರಿಂದಲೇ ಚರಿತ್ರೆಕಾರನು ಅವುಗಳ ವಿಷಯದಲ್ಲಿ ಎಚ್ಚರದಿಂದಿರಬೇಕು. ಸಮವಾದ ಐವತ್ತು ವರ್ಷಗಳು, ಸಮವಾದ ಒಂದು ಗಂಟೆ, ಇವು ಕಥೆಯನ್ನು ಹೇಳುವವರ ಅಂಕಿಗಳು. ಆದರೆ ಇವುಗಳನ್ನೆಲ್ಲ ಕಳೆದರೂ ಉಳಿಯುವ ತಿರುಳು ಗಟ್ಟಿಯಾದದ್ದು: ಮುದುಕನೊಬ್ಬನು, ಮಳೆ, ಬರಿದಲೆ, ತಂದೆಯ ಮಳಿಗೆಯ ಸ್ಥಳ. ಪ್ರತಿಮೆಯ ಮೊದಲನೆಯ ಚಿತ್ರವು ಕಟ್ಟುಕಥೆಯಾದರೆ ಮೂರನೆಯದಕ್ಕೆ ಜಾನ್ಸನ್ನನೇ ಸಾಕ್ಷಿ.

ಲೂಕಸನು ಕಡೆದಿರುವುದು ಈ ಪ್ರಸಂಗವನ್ನೇ. ಗಾಳಿಮಳೆಗಳಿಗೆ ಮುಖವೊಡ್ಡಿ ಜಾನ್ಸನ್ ನಿಂತಿದ್ದಾನೆ. ಸಂತೆಯ ಜನರೂ ಮಕ್ಕಳೂ ಅವನನ್ನು ಬೆರಗಿನಿಂದ ನೋಡುತ್ತಿದ್ದಾರೆ. ಹತ್ತಿರದಲ್ಲಿ ಮಾರಾಟಕ್ಕೆ ಬಂದ ಬಾತುಕೋಳಿಗಳಿವೆ. ಮಗ್ಗುಲಲ್ಲಿ ಮುದುಕನೂ ಮುದುಕಿಯೂ ಕೈಜೋಡಿಸಿ ಪ್ರಾರ್ಥಿಸುವಂತಿದ್ದಾರೆ. ಅಮೆರಿಕದ ಕಥೆಗಾರನಾದ ನಥಾನಿಯಲ್ ಹಾಥಾರ್ನನು 1855ರಲ್ಲಿ ಈ ಪ್ರತಿಮೆಯನ್ನು ನೋಡಿದನು. ಆಗ ಅವನು ಲಿವರ್‌ಪೂಲಿನಲ್ಲಿ ತನ್ನ ದೇಶದ ಪ್ರತಿನಿಧಿಯಾಗಿದ್ದನು. ಪ್ರಾರ್ಥಿಸುತ್ತಿರುವ ಆ ವೃದ್ಧದಂಪತಿಗಳು ಜಾನ್ಸನ್ನನ ತಂದೆತಾಯಿಗಳ ಆತ್ಮಗಳಾಗಿರಬೇಕೆಂದೂ, ಮಗನ ಭಾರವನ್ನು ಇಳಿಸುವುದಕ್ಕೆ ತಮ್ಮಿಂದಾದ ಸಹಾಯವನ್ನು ಮಾಡುತ್ತಿರುವರೆಂದೂ ಅವನು ವ್ಯಾಖ್ಯಾನ ಮಾಡಿದನು. ಶಿಲ್ಪಿಯ ಅಭಿಪ್ರಾಯವು ಏನಿದ್ದರೂ ಈ ವ್ಯಾಖ್ಯಾನವು ನಮಗೆ ಒಪ್ಪಿಗೆಯಾಗುತ್ತದೆ.

ಹಾಥಾರ್ನನು ಅಲ್ಲಿಗೆ ನಿಲ್ಲದೆ ಯುಟಾಕ್ಸಿಟರಿಗೂ ಹೋದನು. ಮಕ್ಕಳಿಗಾಗಿ ಹಿಂದೆ ತಾನೇ ಬರೆದಿದ್ದ ಕಥೆಯ ಸ್ಥಳವನ್ನು ಕಣ್ಣಾರೆ ಕಾಣಬೇಕೆಂಬುದೇ ಆ ಪ್ರಯಾಣದ ಉದ್ದೇಶ. ಊರಿಗೆ ಇಳಿದವನು ಮೊದಲು ಹೋಟಲಿಗೆ ಹೋಗಿ ಹೊಟ್ಟೆತುಂಬ ಊಟಮಾಡಿದನು. ಅಷ್ಟು ದೂರದಿಂದ ಪುಣ್ಯಸ್ಥಳಕ್ಕೆ ಬಂದು ಮೊದಲು ಮಾಡಿದ ಕೆಲಸ ಇದಾಯಿತಲ್ಲಾ ಎಂದು ಆಮೇಲೆ ತನ್ನನ್ನು ತಾನೇ ಹಾಸ್ಯಮಾಡಿಕೊಂಡಿದ್ದಾನೆ. ಚೌಕದಲ್ಲಿ ಸುತ್ತಿದನು. ಜಾನ್ಸನ್ ನಿಂತ ಸ್ಥಳ ಯಾವುದೆಂದು ತೋರಿಸುವ ಕಲ್ಲೊಂದೂ ಇರಲಿಲ್ಲ. ಊರಿನವರಿಗೆ ಆ ಕಥೆಯ ಗೋಜೇ ಇರಲಿಲ್ಲ. 1863ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ಇದನ್ನು ಹೇಳಿ ವ್ಯಸನಪಟ್ಟನು. ಆ ಶತಮಾನವು ಮುಗಿಯುವುದರೊಳಗೆ ಯುಟಾಕ್ಸಿಟರಿನ ಚೌಕದ ಸಣ್ಣ ಕಲ್ಲಿನ ಕಟ್ಟಡವೊಂದರ ಮೇಲೆ ಲೂಕಸನ ಅದೇ ಚಿತ್ರದ ಪ್ರತಿಯನ್ನು ಕೂಡಿಸಿದರು. ಹೀಗೆ ಒಂದು ಊರಿನ ಪ್ರತಿಮೆಯಿಂದ ಇನ್ನೊಂದು ಊರು ತನ್ನ ಮರೆತ ಕಥೆಯನ್ನು ಮರಳಿ ಕಲಿಯಿತು.

ಈಗ ಮೂರು ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡೋಣ. ಮೊದಲನೆಯದರಲ್ಲಿ ಅವನನ್ನು ತಂದೆ ಹೊತ್ತಿದ್ದಾನೆ. ಎರಡನೆಯದರಲ್ಲಿ ಗೆಳೆಯರು ಹೊತ್ತಿದ್ದಾರೆ. ಮೂರನೆಯದರಲ್ಲಿ ಅವನನ್ನು ಹೊತ್ತವರಿಲ್ಲ. ಅವನು ತನ್ನ ಕಾಲ ಮೇಲೆ ನಿಂತಿದ್ದಾನೆ, ಮತ್ತು ಈಗ ಹೊರುತ್ತಿರುವವನು ಅವನು. ಹೆಗಲ ಮೇಲೆ ತನ್ನನ್ನು ಹೊತ್ತಿದ್ದ ತಂದೆಯ ಪುಸ್ತಕದ ಗಂಟನ್ನು ಒಂದು ದಿನ ಹೊರಲೊಲ್ಲದ ಮಗನು, ಅದನ್ನು ಆಮೇಲೆ ಐವತ್ತು ವರ್ಷಗಳ ಕಾಲ ಮನಸ್ಸಿನಲ್ಲಿ ಹೊತ್ತನು. ಶಿಲ್ಪಿಯು ಈ ಕ್ರಮವನ್ನು ಉದ್ದೇಶಪಟ್ಟು ಯೋಜಿಸಿದನೆಂದು ನಾವು ಸಾಧಿಸಲಾರೆವು. ಪೀಠವನ್ನು ಸುತ್ತಿ ಬರುವವನಿಗೆ ಮಾತ್ರ ಅದು ತಾನಾಗಿಯೇ ಕಾಣುತ್ತದೆ.

ಇದರಿಂದ ತಂದೆಗೆ ಏನು ಬಂತು ಎಂದು ಕೇಳುವವರು ಕೇಳಬಹುದು. ಮೈಕೇಲ್ ಜಾನ್ಸನ್ನನಿಗೆ ಆ ಮಳೆಯ ಸುದ್ದಿ ಮುಟ್ಟಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದು ದಿನದ ನೆರವು, ಅದು ಸಿಕ್ಕಲಿಲ್ಲ. ಈ ಆಕ್ಷೇಪಣೆಗೆ ಉತ್ತರವಿಲ್ಲ. ಜಾನ್ಸನ್ನನೂ ಉತ್ತರವನ್ನು ಕೊಡಲಿಲ್ಲ. ಸತ್ತವರಿಗೆ ಮಾಡಿದ ತಪ್ಪನ್ನು ತಿದ್ದುವುದಕ್ಕಾಗುವುದಿಲ್ಲ. ಅದನ್ನು ತಪ್ಪೆಂದು ನಾಲ್ವರ ನಡುವೆ ಒಪ್ಪಿಕೊಳ್ಳುವುದಕ್ಕೆ ಮಾತ್ರ ಆಗುತ್ತದೆ. ಆದುದರಿಂದಲೇ ಅವನು ತನ್ನ ಕೊಠಡಿಯಲ್ಲಿ ಮಂಡಿಯೂರಿ ಸುಮ್ಮನಾಗಲಿಲ್ಲ. ಯಾವ ಸಂತೆಯಲ್ಲಿ ನಿಲ್ಲುವುದಕ್ಕೆ ನಾಚಿದ್ದನೋ ಅದೇ ಸಂತೆಯಲ್ಲಿ, ಯಾರು ನೋಡುವರೆಂದು ಅಳುಕಿದ್ದನೋ ಅಂಥವರ ಕಣ್ಣೆದುರಿಗೇ ನಿಂತನು. ಗರ್ವವು ಎಲ್ಲಿ ಹುಟ್ಟಿತ್ತೋ ಅಲ್ಲಿಯೇ ಅದನ್ನು ಇಳಿಸಿದನು. ಅದೇ 1784ರ ಡಿಸೆಂಬರಿನಲ್ಲಿ, ತನ್ನ ಮರಣಕ್ಕೆ ಕೆಲವೇ ದಿನಗಳ ಮುಂಚೆ, ಲಿಚ್‌ಫೀಲ್ಡಿನ ಸೇಂಟ್ ಮೈಕೇಲ್ ದೇವಾಲಯದಲ್ಲಿ ತಂದೆ, ತಾಯಿ, ತಮ್ಮ ಈ ಮೂವರ ಸಮಾಧಿಯ ಮೇಲೆ ಹಾಸುವುದಕ್ಕೆ ದೊಡ್ಡದಾದ ಗಟ್ಟಿ ಕಲ್ಲನ್ನು ಮಾಡಿಸಬೇಕೆಂದು ಅವನು ಊರಿಗೆ ಕಾಗದ ಬರೆದನು. ಆ ತಿಂಗಳ 13ರಂದು ತೀರಿಕೊಂಡನು. ಅವನ ದೇಹವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಕವಿಗಳ ಮತ್ತು ಅರಸರ ನೆರೆಯಲ್ಲಿ ಇಟ್ಟರು.

ಅವನು ಹುಟ್ಟಿದ ಮನೆಯು 1901ರಿಂದ ವಸ್ತುಸಂಗ್ರಹಾಲಯವಾಗಿದೆ. 1908ರಲ್ಲಿ ಬಾಸ್‌ವೆಲ್‌ನ ಪ್ರತಿಮೆಯೂ ಅದೇ ಚೌಕಕ್ಕೆ ಬಂದಿತು. ಗುರುವಿನ ಹಿಂದೆ ಇಪ್ಪತ್ತೊಂದು ವರ್ಷ ಸುತ್ತಿದ ಶಿಷ್ಯನು ಪ್ರತಿಮೆಯಾದ ಮೇಲೂ ಅವನನ್ನು ಬಿಟ್ಟಿಲ್ಲ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಜನ್ಮದಿನದ ಸಮಯಕ್ಕೆ ಲಿಚ್‌ಫೀಲ್ಡಿನ ಮೇಯರು ಜಾನ್ಸನ್ನನ ಪ್ರತಿಮೆಗೆ ಎಲೆಮಾಲೆಯನ್ನು ಅರ್ಪಿಸುವ ಪದ್ಧತಿಯಿದೆ. ಆ ತಿಂಗಳಲ್ಲಿಯೇ ಯುಟಾಕ್ಸಿಟರಿನಲ್ಲಿಯೂ ಜನರು ಕೂಡಿ ಆ ಪ್ರಾಯಶ್ಚಿತ್ತವನ್ನು ಸ್ಮರಿಸುತ್ತಾರೆ. ಒಂದು ಊರು ಅವನ ಹುಟ್ಟನ್ನು ಕೊಂಡಾಡುತ್ತದೆ; ಇನ್ನೊಂದು ಊರು ಅವನ ಪಶ್ಚಾತ್ತಾಪವನ್ನು ಕೊಂಡಾಡುತ್ತದೆ. ತಪ್ಪಿಗಾಗಿ ಮರುಗಿದುದನ್ನು ಹಬ್ಬದಂತೆ ಆಚರಿಸುವ ಊರುಗಳು ಲೋಕದಲ್ಲಿ ಹೆಚ್ಚಾಗಿಲ್ಲ.

ದೊಡ್ಡವರ ಪ್ರತಿಮೆಗಳನ್ನು ಯಾವ ಊರಿನವರು ನಿಲ್ಲಿಸಿದರೂ ಅವರ ಗುಣಗಳನ್ನು ಮಾತ್ರ ಕಡೆಯಿಸಬೇಕೆಂಬ ಆಸೆ ಸಹಜವಾದದ್ದು. ಆದರೆ ಗುಣಗಳನ್ನು ಮಾತ್ರ ಕಂಡ ಮಕ್ಕಳು ದೊಡ್ಡವರಿಗೆ ಕೈಮುಗಿದು ದೂರ ಸರಿಯುತ್ತಾರೆ. ಅವರಂತೆ ನಾವಾಗಲಾರೆವೆಂದು ತಿಳಿಯುತ್ತಾರೆ. ನಿಘಂಟನ್ನು ಬರೆಯುವ ಶಕ್ತಿ ಲಕ್ಷಕ್ಕೊಬ್ಬನಿಗೂ ಇಲ್ಲ. 'ಈ ದಿನ ನನ್ನ ಜೊತೆಗೆ ಬಾ' ಎಂದು ಕರೆದ ತಂದೆಗೆ ಒಲ್ಲೆನೆನ್ನುವ ಶಕ್ತಿ ನಮ್ಮೆಲ್ಲರಿಗೂ ಇದೆ. ಆ ಮಾತನ್ನು ನಾವು ಆಡಿಯೂ ಇದ್ದೇವೆ. ಜಾನ್ಸನ್ನನು ನಮ್ಮ ಸಮೀಪಕ್ಕೆ ಬರುವುದು ಮೇಲಣ ಪ್ರತಿಮೆಯಿಂದಲ್ಲ, ಕೆಳಗಣ ಈ ಮೂರನೆಯ ಚಿತ್ರದಿಂದ. ತಂದೆಯು ಇನ್ನೂ ಬದುಕಿರುವ ಶ್ರೋತೃಗಳು ಯಾರಾದರೂ ಇದನ್ನು ಕೇಳುತ್ತಿದ್ದರೆ, ಅವರ ಪುಣ್ಯಕ್ಕೆ ಎಣೆಯಿಲ್ಲ. ಅವರು ಮಳೆಯಲ್ಲಿ ನಿಲ್ಲಬೇಕಾದುದಿಲ್ಲ. ಕರೆದಾಗ ಎದ್ದುಹೋದರೆ ಸಾಕು.